ಪೂಜಾರಿ ತಲೆ

ನಮ್ಮ ಸೇಲಂ ಮನೆಯ ಷೆಲ್ಫಿನಲ್ಲಿ, ಟಿವಿಯ ಎಡಗಡೆ, ಒಂದು ದುಂಡನೆಯ ಗುರುತಿದೆ. ಹಿತ್ತಾಳೆಯ ಚೊಂಬೊಂದು ಐದು ವರ್ಷ ಅಲ್ಲಿ ಕೂತಿದ್ದ ಗುರುತು. ಹೆಂಡತಿ ಶಾಂತಿ ಸೋಪಿನ ಪುಡಿ ಹಾಕಿ ಉಜ್ಜಿದಳು, ನಿಂಬೆಹಣ್ಣು ಹಾಕಿ ಉಜ್ಜಿದಳು, ಕೊನೆಗೆ ಸೋತು ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಳು. ಕುಂಡ ಚಿಕ್ಕದು, ಗುರುತು ದೊಡ್ಡದು. ಮನೆಗೆ ಬಂದವರು "ಇದೇನ್ರೀ ಇಲ್ಲಿ?" ಎಂದು ಕೇಳಿದರೆ ಸಾಕು, "ಶುರುವಾಯ್ತು ಇವರ ಪುರಾಣ" ಎಂದು ಅವಳು ಕಾಫಿ ಇಡಲು ಎದ್ದುಬಿಡುತ್ತಾಳೆ. ನೀವು ಕೇಳಲಿಲ್ಲ, ನಿಜ. ಆದರೂ ಹೇಳುತ್ತೇನೆ. ಕಾಫಿ ಆಗುವಷ್ಟರಲ್ಲಿ ಮುಗಿಯುವುದಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಾವು ಪೂಜಾರಿಗಳು. ಹಾಗೆಂದರೆ ಕಚ್ಚೆಪಂಚೆ, ಮಂತ್ರ, ಮಂಗಳಾರತಿ ತಟ್ಟೆ ಎಂದೆಲ್ಲ ಅಂದುಕೊಳ್ಳಬೇಡಿ. ಧರ್ಮಪುರಿ ಜಿಲ್ಲೆಯ ನಲ್ಲಂಪಳ್ಳಿಯಿಂದ ಟೌನ್ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಒಳಗೆ ಹೋದರೆ ನಮ್ಮ ಊರು. ರಾಗಿ, ಹುರುಳಿ ಬೆಳೆಯುವ ಜನ. ಮನೆಯೊಳಗೆ ಕನ್ನಡ, ಮನೆಯಾಚೆ ತಮಿಳು. ಊರಾಚೆ ಒಂದು ಹುಣಸೆಮರ, ಅದರ ಬುಡದಲ್ಲಿ ಮೂರು ಕಲ್ಲು. ಅವಳೇ ಹುಣಸೆಮರದ ಮಾರಮ್ಮ. ಆ ಮೂರು ಕಲ್ಲಿಗೆ ನೀರು ಹಾಕಿ ಅರಿಶಿನ ಬಳಿಯುವ ಕೆಲಸ ಯಾವ ಕಾಲದಲ್ಲೋ ನಮ್ಮ ಮುತ್ತಾತನ ತಾತನಿಗೆ ಗಂಟುಬಿತ್ತು. ಅಂದಿನಿಂದ ನಾವು ಪೂಜಾರಿಗಳು. ಕೆಲಸ ಹಿರಿಮಗನಿಗೆ, ಹೆಸರು ಮನೆಮಂದಿಗೆಲ್ಲ.

ತಮಿಳುನಾಡಿನಲ್ಲಿ ಮನೆತನದ ಹೆಸರು ಬರೆಯುವ ವಾಡಿಕೆ ಇಲ್ಲ. ಹೆಸರಿನ ಮುಂದೆ ಒಂದೇ ಒಂದು ಅಕ್ಷರ, ಅದೂ ಅಪ್ಪನದು. ಹಾಗಾಗಿ ಪೂಜಾರಿ ಎನ್ನುವುದು ನಮ್ಮ ರೇಷನ್ ಕಾರ್ಡಿನಲ್ಲಿಲ್ಲ, ಆಧಾರಿನಲ್ಲಿಲ್ಲ, ನನ್ನ ಅಂಗಡಿಯ ಬೋರ್ಡಿನಲ್ಲೂ ಇಲ್ಲ. ಅದು ಇರುವುದು ಊರವರ ಬಾಯಲ್ಲಿ ಮಾತ್ರ. ಅವರು ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಕರೆಯುವುದರಲ್ಲಿ ಅವರೇನೂ ಕಂಜೂಸಿಗಳಲ್ಲ. ನಮ್ಮ ಬಾವಿ ಪೂಜಾರಿ ಬಾವಿ, ನಮ್ಮ ಎಮ್ಮೆ ಪೂಜಾರಿ ಎಮ್ಮೆ. ದಾರಿಹೋಕರನ್ನೆಲ್ಲ ಕಚ್ಚುತ್ತಿದ್ದ ನಮ್ಮ ಕೆಂಚ ನಾಯಿ ಸಾಯುವವರೆಗೂ ಪೂಜಾರಿ ನಾಯಿ. ಚಿಕ್ಕಪ್ಪನ ಮಗ ಗೋವಿಂದ ಕಾರಿಮಂಗಲದಲ್ಲಿ ಬ್ರಾಯ್ಲರ್ ಅಂಗಡಿ ಇಟ್ಟಿದ್ದಾನೆ, ಅವನು ಕೋಳಿ ಪೂಜಾರಿ. ಅವನ ತಮ್ಮ ಕರಿ ಅಂಗಿ ತೊಟ್ಟು, ದೇವರಿಲ್ಲ ದಿಂಡರಿಲ್ಲ ಎಂದು ಮೈಕಿನಲ್ಲಿ ಭಾಷಣ ಮಾಡುತ್ತಾನೆ. ಅವನ ಭಾಷಣವಿದ್ದ ದಿನ ಊರವರು ಒಬ್ಬರನ್ನೊಬ್ಬರು ಕರೆಯುವುದು ಹೀಗೆ: "ಬನ್ರಲಾ, ಪೂಜಾರಿ ದೇವ್ರಿಲ್ಲ ಅಂತಾವ್ನಂತೆ, ಓಗಿ ಕೇಳಾನ."

ಇನ್ನು ನಾನು, ಮಾದೇಶ. ಸೇಲಂನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಐದು ವರ್ಷದ ಕೆಳಗೆ ಅಪ್ಪ ಇದ್ದಕ್ಕಿದ್ದಂತೆ ಹೋಗಿಬಿಟ್ಟ. ಹಿರಿಮಗನೆಂದು ಚೊಂಬು ನನ್ನ ಕೈಗೆ ಬಂತು. ಚೊಂಬು ಪೂಜಾರಿಯ ಮನೆಯಲ್ಲೇ ಇರಬೇಕೆಂಬುದು ಕಟ್ಟಳೆ. ಹಾಗಾಗಿ ಅದು ತೊಪ್ಪೂರು ಘಾಟಿ ಇಳಿದು ಸೇಲಂಗೆ ಬಂದು ಟಿವಿ ಪಕ್ಕ ಕೂತಿತು. ಊರಿನಲ್ಲಿ ಯಾರದಾದರೂ ಹರಕೆ ಇದ್ದರೆ ಫೋನ್ ಬರುತ್ತಿತ್ತು. ನಾನು ಮಂಗಳವಾರ ಅಂಗಡಿ ಮುಚ್ಚಿ, ಚೊಂಬನ್ನು ಟವೆಲ್ಲಿನಲ್ಲಿ ಸುತ್ತಿ ಬಸ್ ಹತ್ತುತ್ತಿದ್ದೆ.

ಪೂಜಾರಿಯ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹರಕೆಯ ಹೋತವನ್ನು ಮಾರಮ್ಮನ ಮುಂದೆ ತಂದು ನಿಲ್ಲಿಸುತ್ತಾರೆ. ಪೂಜಾರಿ ಅದರ ಹಣೆಗೆ ಅರಿಶಿನ ಹಚ್ಚಿ, ಚೊಂಬಿನಿಂದ ಮೈಮೇಲೆ ನೀರು ಹೊಯ್ಯುತ್ತಾನೆ. ಹೋತ ಮೂತಿಯಿಂದ ಬಾಲದವರೆಗೆ ಒಮ್ಮೆ ಮೈ ಒದರಬೇಕು. ಒದರಿದರೆ ಅಮ್ಮ ಒಪ್ಪಿದಳು ಎಂದರ್ಥ. ಒದರುವವರೆಗೆ ಅದರ ಮೇಲೆ ಯಾರೂ ಕತ್ತಿ ಎತ್ತುವಂತಿಲ್ಲ. ಒದರಲಿಲ್ಲವೋ, ಸೇರಿದವರಲ್ಲಿ ಯಾರಲ್ಲೋ ದೋಷ ಇದೆ, ಅದನ್ನು ಅಲ್ಲೇ ಬಾಯಿಬಿಟ್ಟು ಹೇಳಿ ಕಳೆದುಕೊಳ್ಳಬೇಕು. ಕತ್ತಿ ಹಿಡಿಯುವವನು ಬೇರೆ, ನೀರು ಹಿಡಿಯುವವನು ಪೂಜಾರಿ. ಕೊನೆಗೆ ಪಾಲು ಹಾಕುವಾಗ ಊರಗೌಡ ಗಟ್ಟಿಯಾಗಿ ಕೂಗುತ್ತಾನೆ: "ಪೂಜಾರಿ ತಲೆ!" ಎದ್ದು ಹೋಗಿ ಆ ತಲೆ ತೆಗೆದುಕೊಂಡವನು ಪೂಜಾರಿ. ನಮ್ಮ ಹೆಸರಿಗೆ ಇರುವ ಸಹಿ, ಸೀಲು, ಎಲ್ಲ ಅದೊಂದೇ ಕೂಗು.

ನನಗೋ ರಕ್ತ ಕಂಡರೆ ತಲೆ ಸುತ್ತುತ್ತದೆ. ಒದರಿದ ಮರುಗಳಿಗೆಯೇ ಮುಖ ಮೇಲಕ್ಕೆತ್ತಿ ಮರದ ಹುಣಸೆಕಾಯಿ ಎಣಿಸುತ್ತ ನಿಲ್ಲುತ್ತಿದ್ದೆ. ಜನ ಅದನ್ನು ಭಕ್ತಿ ಎಂದುಕೊಂಡರು, ನಾನೂ ತಿದ್ದಲು ಹೋಗಲಿಲ್ಲ. ತಲೆಯದು ಬೇರೆ ತಾಪತ್ರಯ. ಶಾಂತಿ ಸೇಲಂನ ನೇಯ್ಗೆಯವರ ಮನೆಯ ಹುಡುಗಿ, ಮೊಟ್ಟೆ ಕಂಡರೂ ಮೂಗು ಮುಚ್ಚುವವಳು. "ನಿಮ್ಮ ಪೂಜಾರಿಕೆಗೆ ನಾನು ಅಡ್ಡ ಬರಲ್ಲ. ಆ ತಲೆ ಮಾತ್ರ ನನ್ನ ಹೊಸ್ತಿಲು ದಾಟಬಾರ್ದು" ಎಂದು ಮೊದಲ ಸಲವೇ ಹೇಳಿಬಿಟ್ಟಿದ್ದಳು. ಹಾಗಾಗಿ ಎಲ್ಲರೆದುರು ತಲೆಯನ್ನು ಗಂಭೀರವಾಗಿ ತೆಗೆದುಕೊಳ್ಳುವುದು, ಊರಿನ ತಿರುವಿನಲ್ಲಿ ಕೋಳಿ ಪೂಜಾರಿಯ ಸ್ಕೂಟರಿಗೆ ಅದನ್ನು ನೇತುಹಾಕುವುದು, ಇದು ನನ್ನ ಪದ್ಧತಿಯಾಯಿತು.

ಈಗ ಕೆಂಪತ್ತೆಯ ವಿಷಯಕ್ಕೆ ಬರುತ್ತೇನೆ. ಅಲ್ಲಿಗೇ ಬರಬೇಕೆಂದು ಇಷ್ಟು ಹೊತ್ತು ಸುತ್ತುತ್ತಿದ್ದೆ.

ಕೆಂಪಮ್ಮ ನಮ್ಮ ಅಪ್ಪನ ಅಕ್ಕ. ತಾತ ತೀರಿಕೊಂಡಾಗ ಅವಳಿಗೆ ಹತ್ತು ವರ್ಷ, ಅಪ್ಪನಿಗೆ ಐದು, ಚಿಕ್ಕಪ್ಪ ತೊಟ್ಟಿಲಲ್ಲಿ. ಮಾರಮ್ಮನಿಗೆ ನೀರು ಹಾಕುವವರು ಯಾರು? ಊರವರು ಕೂತು ಯೋಚಿಸಿ, ಹುಡುಗ ಬೆಳೆಯುವವರೆಗೆ ಹುಡುಗಿಯೇ ಹಾಕಲಿ ಎಂದರು. ನಾಲ್ಕು ವರ್ಷ ಹಾಕಿದಳು. ನಾಲ್ಕು ವರ್ಷ ಊರೆಲ್ಲ ಅವಳನ್ನು ಪೂಜಾರಿ ಕೆಂಪಿ ಎಂದು ಕರೆಯಿತು. ಗೌಡ "ಪೂಜಾರಿ ತಲೆ!" ಎಂದು ಕೂಗಿದರೆ ಲಂಗ ಎತ್ತಿ ಕಟ್ಟಿಕೊಂಡ ಹುಡುಗಿ ಎದ್ದು ಬುಟ್ಟಿ ಒಡ್ಡುತ್ತಿದ್ದಳಂತೆ. ಆ ತಲೆಯ ಸಾರಿನಲ್ಲೇ ಅಪ್ಪ, ಚಿಕ್ಕಪ್ಪ ಬೆಳೆದದ್ದು. ಅವಳು ದೊಡ್ಡವಳಾದ ದಿನ ಚೊಂಬನ್ನು ಅವಳ ಕೈಯಿಂದ ತೆಗೆದು ಒಂಬತ್ತು ವರ್ಷದ ಅಪ್ಪನ ಕೈಗೆ ಕೊಟ್ಟರು. ಎರಡು ವರ್ಷ ಕಳೆದು ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಮದುವೆ ಮಾಡಿದರು. ನಡುವೆ ಒಂದು ಚರಂಡಿ, ಅಷ್ಟೇ ದೂರ. ಆ ಚರಂಡಿ ದಾಟಿದ್ದೇ ಅವಳು ಎಣ್ಣೆಮನೆ ಕೆಂಪಮ್ಮ ಆದಳು. ಗಂಡನ ಮನೆಯಲ್ಲಿ ಹಿಂದೆ ಯಾವಾಗಲೋ ಗಾಣ ಇತ್ತಂತೆ. ಅವಳು ಹೋಗುವ ಹೊತ್ತಿಗೆ ಗಾಣವೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ.

ಮಾರಮ್ಮನ ಸುತ್ತ ಸುಣ್ಣ ಬಳಿದ ಕಲ್ಲುಗಳ ಸಾಲಿದೆ. ಮದುವೆ ಮಾಡಿ ಕೊಟ್ಟ ಹೆಣ್ಣು ಹರಕೆಯ ದಿನ ಆ ಕಲ್ಲಿನ ಆಚೆ ನಿಲ್ಲಬೇಕು. ಅತ್ತೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಆಚೆಯೇ ನಿಂತಳು.

ನಾನು ಊರಿಗೆ ಹೋದಾಗಲೆಲ್ಲ ಅವಳ ಮೊದಲ ಮಾತು, "ಚೊಂಬು ಎಲ್ಲೈತ್ಲಾ?" ನನ್ನ ಹೆಂಡತಿ ಮಕ್ಕಳ ಸಮಾಚಾರ ಆಮೇಲೆ. ಟವೆಲ್ ಬಿಚ್ಚಿ ಚೊಂಬು ತೆಗೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಹುಣಸೆಹಣ್ಣು ಬೂದಿ ಹಾಕಿ ಉಜ್ಜುತ್ತಿದ್ದಳು. ಸೇಲಂನಲ್ಲಿ ಕಪ್ಪಾಗಿದ್ದದ್ದು ಅವಳ ಕೈಯಲ್ಲಿ ಥಳಥಳ ಹೊಳೆಯುತ್ತಿತ್ತು. "ಚಿನ್ನದಂಗಿರೋ ಸಾಮಾನ, ಎಂಗ್ ಮಡಗವ್ನೆ ನೋಡು" ಎಂದು ಬೈಯುತ್ತಲೇ ಕೊಡುತ್ತಿದ್ದಳು. ಕೊಡುವ ಮೊದಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದಿರುತ್ತಿದ್ದಳು.

ಒಂದು ಸಲ ಹೇಳಿಯೇಬಿಟ್ಟಳು. "ಮಾದೇಸಾ, ಸಾಯಾಕ್ ಮುಂಚೆ ಒಂದೇ ಒಂದ್ ಕಿತ ನಾನು ನೀರ್ ಉಯ್ಬೇಕು ಕಣ್ಲಾ. ಪೂಜಾರಿ ಕೆಂಪಿ ಅಂತ ಒಂದ್ ಕಿತ ಕರುಸ್ಕೊಬೇಕು. ಯಾರ್ ಬುಡ್ತಾರೆ?"

ನಾನು "ನೋಡಾನ ಅತ್ತೆ" ಎಂದೆ.

ಈ "ನೋಡಾನ" ಇದೆಯಲ್ಲ, ನನ್ನಂಥ ಹೇಡಿಗಳಿಗೆ ದೇವರು ಕೊಟ್ಟ ವರ. ಹೂಂ ಅಂದಂತೆಯೂ ಆಗುತ್ತದೆ, ಊಹೂಂ ಅಂದಂತೆಯೂ ಆಗುತ್ತದೆ. ಗೌಡರ ಮುಂದೆ ಬಾಯಿಬಿಡಲು ನನಗೆ ಧೈರ್ಯವಿರಲಿಲ್ಲ. ಮೂರು ವರ್ಷ ನೋಡಾನ ಎನ್ನುತ್ತಲೇ ಕಳೆದೆ. ಅತ್ತೆಯ ಬೆನ್ನು ಬಾಗಿತು, ಹಲ್ಲು ಒಂದೊಂದಾಗಿ ಉದುರಿದವು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಈಚೆಗೆ ಒಂದು ಮಂಗಳವಾರ ಪೆರುಮಾಳನ ಹರಕೆ. ಅವನ ಪುಟ್ಟ ಮಗಳು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು, ಎದ್ದು ಓಡಾಡಿದರೆ ಹೋತ ಕೊಡುತ್ತೇನೆಂದು ಅವನೂ ಅವನ ಹೆಂಡತಿ ಸೆಲ್ವಿಯೂ ಬೇಡಿಕೊಂಡಿದ್ದರು. ಹುಡುಗಿ ಈಗ ಓಡಾಡುತ್ತಿದ್ದಳು. ಹೋತ ಕರ್ರಗೆ ಕೊಬ್ಬಿದ್ದು, ಕಣ್ಣಲ್ಲಿ ಒಂಥರಾ ತಾತ್ಸಾರ. ಐದು ವರ್ಷದಲ್ಲಿ ನಾನು ನೀರು ಹೊಯ್ದ ಹೋತಗಳೆಲ್ಲ ತಕ್ಷಣ ಒದರಿದ್ದವು. ನನ್ನ ಕೈಗುಣ ಎಂದು ಒಳಗೊಳಗೇ ಸ್ವಲ್ಪ ಕೊಬ್ಬು ನನಗೂ ಬಂದಿತ್ತು. ಸ್ಟೈಲಾಗಿ ಚೊಂಬು ಎತ್ತಿ ಬೆನ್ನ ಮೇಲೆ ನೀರು ಹೊಯ್ದೆ.

ಹೋತ ಮೆಲುಕು ಹಾಕಿತು.

ಇನ್ನೊಂದು ಚೊಂಬು ಹೊಯ್ದೆ. ನೀರು ಬೆನ್ನಿಂದ ಇಳಿದು ಹೊಟ್ಟೆಯಡಿ ತೊಟ್ಟಿಕ್ಕಿತು. ಹೋತ ನನ್ನನ್ನೊಮ್ಮೆ ನೋಡಿ ಮತ್ತೆ ಮೆಲುಕು ಹಾಕಿತು. ಮೂರಾಯಿತು, ನಾಲ್ಕಾಯಿತು. ಪಾಪಿರೆಡ್ಡಿಪಟ್ಟಿಯಿಂದ ಬಂದಿದ್ದ ನೆಂಟರೊಬ್ಬರು ತಮಿಳಿನಲ್ಲಿ "ಪೂಸಾರಿ, ಇನ್ನುಂ ಕೊಂಜಂ ತಣ್ಣಿ ಊತ್ತುಂಗ" ಎಂದರು. ಇನ್ನಷ್ಟು ನೀರು ಹೊಯ್ಯಿರಿ ಎಂದು. ಹೊಯ್ದೆ. ಹತ್ತು ಗಂಟೆಗೆ ಶುರುವಾದದ್ದು ಹನ್ನೊಂದಾಯಿತು. ಆ ಬಿಸಿಲಿಗೆ ಹೋತಕ್ಕೆ ಆ ಸ್ನಾನ ಹಿತವಾಗಿಯೇ ಇತ್ತೆಂದು ಕಾಣುತ್ತದೆ.

ಊರಗೌಡ ಮುನಿಸ್ವಾಮಿ ಎದ್ದು ನಿಂತರು. ಎಂಬತ್ತರ ಹತ್ತಿರದ ಮನುಷ್ಯ, ದನಿ ಮಾತ್ರ ಗಟ್ಟಿ. "ದೋಸ ಐತೆ. ಯಾರ್ ಮನ್ಸಲ್ ಏನೈತೋ ಯೋಳ್ಬುಡಿ. ಮೊದ್ಲು ಪೂಜಾರಿ ಯೋಳ್ಲಿ. ಉಪಾಸ ಇದ್ಯಾ?"

ಪೂಜಾರಿ ನೀರು ಹೊಯ್ಯುವವರೆಗೆ ಏನೂ ತಿನ್ನಬಾರದು. ಬಸ್ಸು ತೊಪ್ಪೂರಿನ ಹತ್ತಿರ ಹೋಟೆಲಿನ ಮುಂದೆ ನಿಂತಿತ್ತು. ನಾನು ಇಳಿದಿದ್ದೆ.

"ಎರಡು ಇಡ್ಲಿ ತಿಂದೆ" ಎಂದೆ.

"ಅಷ್ಟೇನಾ?"

"ಒಂದ್ ಆಫ್‌ಬಾಯಿಲೂ ತಿಂದೆ."

"ಥೂ, ನಿನ್ ಮುಖಕ್ಕೆ!" ಎಂದರು ಗೌಡರು. ಕಲ್ಲಿನಾಚೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕೆನ್ನೆ ಬಡಿದುಕೊಂಡು, ಮಾರಮ್ಮನಿಗೆ ಅಡ್ಡಬಿದ್ದು, ಮತ್ತೆ ಹೊಯ್ದೆ. ಹೋತಕ್ಕೆ ಮೊಟ್ಟೆಯ ವಿಷಯದಲ್ಲಿ ಯಾವ ತಕರಾರೂ ಇದ್ದಂತಿರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಶುರುಮಾಡಿದರು. ಹರಕೆ ಹೊತ್ತಾಗ ಮನಸ್ಸಿನಲ್ಲಿ ನೆನೆದಿದ್ದು ಇದಕ್ಕಿಂತ ದೊಡ್ಡ ಹೋತ ಎಂದು ಪೆರುಮಾಳ ಒಪ್ಪಿಕೊಂಡ. ಸೆಲ್ವಿಯೂ ಅವಳ ಓರಗಿತ್ತಿಯೂ ಒಂದು ಮಿಕ್ಸಿ ಜಾರಿನ ಕಾರಣಕ್ಕೆ ಎಂಟು ತಿಂಗಳಿಂದ ಮಾತು ಬಿಟ್ಟಿದ್ದರು. ಅಲ್ಲೇ ಕೈ ಕೈ ಹಿಡಿದು ಅತ್ತು ಮಾತಾಡಿದರು. ಕತ್ತಿ ಹಿಡಿಯುವವನು, ನಿನ್ನೆ ಸ್ವಲ್ಪ ಕುಡಿದಿದ್ದೆ ಎಂದ. ಅದು ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ಪ್ರತಿ ಸಲವೂ ನಾನು ನೀರು ಹೊಯ್ದೆ. ಊರಿನ ಅರ್ಧ ಜಗಳ ತೀರಿತು, ಕೊಡದಲ್ಲಿದ್ದ ನೀರೂ ತೀರುತ್ತ ಬಂತು. ಹೋತ ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿತ್ತು.

ನನಗೆ ಅಳು ಬರುವಂತಾಯಿತು. ಸುಳ್ಳೇಕೆ, ಅಷ್ಟು ಜನರ ಮುಂದೆ ಒಂದು ಹೋತ ನನ್ನನ್ನು ಒಲ್ಲೆ ಎನ್ನುತ್ತಿದೆ ಎಂಬ ಅವಮಾನ. ತಲೆ ಎತ್ತಿದರೆ, ಕಲ್ಲಿನಾಚೆ ಅತ್ತೆ ಕೋಲೂರಿ ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕೈಯ ಚೊಂಬನ್ನು ನೋಡುತ್ತಿದ್ದಳು. ಮೂರು ವರ್ಷದ "ನೋಡಾನ" ನನಗೆ ನೆನಪಾಯಿತು.

"ಗೌಡ್ರೇ, ಇನ್ನೊಂದ್ ದೋಸ ಐತೆ" ಎಂದೆ. "ಅತ್ತೆ ನನ್ನ ಒಂದ್ ಮಾತು ಕೇಳಿದ್ಲು. ಒಂದ್ ಕಿತ ಉಯ್ಬೇಕು ಅಂದ್ಲು. ನಾನು ನೋಡಾನ ನೋಡಾನ ಅಂತ ತಳ್ಳಾಕ್ಬುಟ್ಟೆ. ಈ ಚೊಂಬು ನಂಗಿಂತ ಮುಂಚೆ ಅವಳ್ದು. ಈಗ ಅವಳೇ ಉಯ್ಲಿ."

ಗೌಡರು ಹುಬ್ಬು ಗಂಟಿಕ್ಕಿದರು. "ಅದೆಂಗಾಗ್ತದಪ್ಪಾ? ಕೊಟ್ಟ ಎಣ್ಣು. ಅವಳು ಪೂಜಾರಿ ಮನೆಯೋಳಾ? ಎಣ್ಣೆ ಮನೆಯೋಳು."

ಆಗ ಸೆಲ್ವಿ ಮುಂದೆ ಬಂದಳು. ಮಗಳನ್ನು ಸೊಂಟಕ್ಕೇರಿಸಿಕೊಂಡು ಬಿಸಿಲಲ್ಲಿ ನಿಂತು ನಿಂತು ಅವಳ ತಾಳ್ಮೆ ಮುಗಿದಿತ್ತು. "ತಾತಾ, ಅರಕೆ ನಂದು. ಪೂಜಾರಿ ಮನೆಯೋರ ಕೈಯಲ್ಲಿ ಆಗ್ತಾ ಇಲ್ಲ, ಕಣ್ಣಾರೆ ನೋಡ್ತಾ ಇದೀರಲ್ಲ? ಈ ಅಜ್ಜಿ ಉಯ್ಲಿ ಬುಡಿ. ಒದ್ರುದ್ರೆ ಅಮ್ಮ ಒಪ್ಪುದ್ಲು ಅಂತ. ಒದುರ್ದೇ ಇದ್ರೆ ಆಗ ಬೈರಿ."

ಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಂಡು "ಏನಾರ ಮಾಡ್ಕಳಿ" ಎಂದರು.

ಅತ್ತೆ ಕೋಲನ್ನು ಸೆಲ್ವಿಯ ಕೈಗೆ ಕೊಟ್ಟಳು. ಸುಣ್ಣದ ಕಲ್ಲಿನ ಹತ್ತಿರ ಬಂದು ಒಂದು ಗಳಿಗೆ ನಿಂತಳು. ಆಮೇಲೆ ಸೀರೆ ಒಂದಿಷ್ಟು ಎತ್ತಿ ಹಿಡಿದು ದಾಟಿದಳು. ನಾನು ಚೊಂಬು ಕೊಟ್ಟೆ. ಕೊಡದ ತಳದಲ್ಲಿ ಉಳಿದಿದ್ದ ನೀರನ್ನು ಮೊಗೆದಳು. ಹೋತದ ಕತ್ತು ಸವರಿದಳು, ಗದ್ದ ಕೆರೆದಳು. "ಏನಪ್ಪಾ, ಬಿಸ್ಲಾಗ್ ನಿಲ್ಸವ್ರಾ ನಿನ್ನ? ಆಯ್ತು, ಆಯ್ತು" ಎಂದು ಮೊಮ್ಮಗನ ಹತ್ತಿರ ಮಾತಾಡುವ ಹಾಗೆ ಮಾತಾಡಿದಳು. ಗುಟ್ಟು ಹೇಳುವವಳಂತೆ ಅದರ ಕಿವಿಯ ಹತ್ತಿರಕ್ಕೆ ಬಾಗಿ, ಚೊಂಬನ್ನು ಮೆಲ್ಲಗೆ ಓರೆ ಮಾಡಿದಳು.

ಹೋತ ಒದರಿತು. ಹೇಗೆ ಒದರಿತೆಂದರೆ, ನಾನು, ಗೌಡರು, ಪೆರುಮಾಳ, ಮಾರಮ್ಮ, ನಾಲ್ವರಿಗೂ ಸ್ನಾನ. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಕೂಗು ಹಾಕಿದರು. ನಾನು ಅಭ್ಯಾಸಬಲದಿಂದ ಹುಣಸೆಕಾಯಿ ಎಣಿಸತೊಡಗಿದೆ. ಕಣ್ಣು ಮಂಜಾಗಿ ಒಂದೂ ಕಾಣಲಿಲ್ಲ.

ಪಾಲು ಹಾಕುವವರೆಗೆ ನಾವಿಬ್ಬರೂ ಮರದ ಬೇರಿನ ಮೇಲೆ ಕೂತೆವು. ನಾನು ಹತ್ತಿರ ನಿಂತಿದ್ದೆನಲ್ಲ, ಕಂಡಿದ್ದೆ.

"ಅತ್ತೆ, ನೀರ್ ಕಿವಿ ಒಳಿಕ್ ಬುಟ್ಟೆ ಅಲ್ವಾ?"

"ಊಂ, ಒಂದ್ ತೊಟ್ಟು" ಎಂದಳು ಸಲೀಸಾಗಿ. "ನಮ್ಮಪ್ಪ ಸತ್ತ ವರ್ಸ ಇಂಗೇ ಒಂದ್ ಓತ ನಿಂತ್ಕಬುಡ್ತು. ನಂಗ್ ಅತ್ ವರ್ಸ. ಅಳ್ತಾ ಅಳ್ತಾ ಉಯ್ದೆ, ಕೈ ನಡುಗಿ ನೀರು ಕಿವಿಗ್ ಬಿತ್ತು. ಅವತ್ ಕಲ್ತಿದ್ದು. ನಿಮ್ಮಪ್ಪಂಗೂ ನಾನೇ ಯೋಳ್ಕೊಟ್ಟೆ. ಅವ್ನು ನಿಂಗ್ ಯೋಳ್ದೇನೇ ಓಗ್ಬುಟ್ಟ."

"ನೀನಾದ್ರೂ ಯೋಳ್ಬೋದಿತ್ತಲ್ಲ! ಐದು ವರ್ಸ ಆಯ್ತು!"

ಅತ್ತೆ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಯೋಳ್ಬುಟ್ಟಿದ್ರೆ ನನ್ನ ಯಾರ್ಲಾ ಕರೀತಿದ್ರು? ಒದರ್ದೇ ಇರೋ ಓತ ಒಂದ್ ಬರ್ಲಿ ಅಂತ ಕಾಯ್ತಾ ಇದ್ದೆ."

ನಾನು ಸಣ್ಣ ದನಿಯಲ್ಲಿ ಕೇಳಿದೆ, "ಅಂಗಾರೆ ಅಮ್ಮ ಒಪ್ಪೋದು ಅನ್ನೋದು ಸುಳ್ಳಾ?"

ಅವಳು ನನ್ನನ್ನು ಒಂಬತ್ತು ವರ್ಷದ ಹುಡುಗನನ್ನು ನೋಡುವಂತೆ ನೋಡಿದಳು. "ಓತಕ್ ಕಿವಿ ಮಡಗ್ದೋರ್ ಯಾರು? ನಾನಾ?"

ಅಷ್ಟರಲ್ಲಿ ಪಾಲು ಕೂಗುವುದು ಶುರುವಾಯಿತು. ಗೌಡರು ಎಂದಿನಂತೆ ಕತ್ತಿಯವನ ಪಾಲು, ಮಡಿವಾಳರ ಪಾಲು ಎಲ್ಲ ಕೂಗಿದರು. ಆಮೇಲೆ ಬಾಳೆಲೆಯ ಮೇಲಿದ್ದುದನ್ನು ಎತ್ತಿ ಹಿಡಿದು "ಪೂಜಾರಿ ತಲೆ!" ಎಂದರು.

ನಾನು ಏಳಲಿಲ್ಲ. ಗೌಡರು ಇನ್ನೊಮ್ಮೆ ಕೂಗಿದರು. ಜನವೆಲ್ಲ ನನ್ನ ಕಡೆ ತಿರುಗಿತು. ಕೂಗಿದಾಗ ಎದ್ದರೆ ಪೂಜಾರಿ, ಕೂತರೆ ಅಲ್ಲ, ಇದು ಎಲ್ಲರಿಗೂ ಗೊತ್ತು. ನಾನು ಬೇರಿಗೆ ಅಂಟಿಕೊಂಡವನಂತೆ ಕೂತೇ ಇದ್ದೆ. ಗೌಡರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಇನ್ನೂ ಒದ್ದೆಯಾಗಿದ್ದ ತಮ್ಮ ಅಂಗಿಯನ್ನು ನೋಡಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಪೂಜಾರಿ ಕೆಂಪೀ! ಬಾ, ತಕ್ಕೋ."

ಅತ್ತೆ ನನ್ನ ಭುಜ ಹಿಡಿದು ಎದ್ದಳು. ಎಲ್ಲರ ನಡುವೆ ನಡೆದುಹೋಗಿ, ಸೆರಗೊಡ್ಡಿ, ತಲೆಯನ್ನು ತೆಗೆದುಕೊಂಡಳು. ಹಾಗೇ ತಿರುಗಿ ಬಂದು, ಎಲೆ ಸಮೇತ ನನ್ನ ತೊಡೆಯ ಮೇಲೆ ಇಟ್ಟಳು. ಚೊಂಬನ್ನು ಮಾತ್ರ ಬಗಲಲ್ಲಿ ಅವುಚಿಕೊಂಡಳು.

"ನಂಗೆಲ್ಲೈತ್ಲಾ ಅಲ್ಲು" ಎಂದಳು. "ತಲೆ ನೀ ತಕ್ಕೊಂಡೋಗು. ಪೂಜಾರಿ ಅನ್ನೋ ಎಸ್ರು ನಂಗಿರ್ಲಿ."